ಹೊಸ್ತಿಲು ದಾಟಿದ ಗುಲಾಲು: ಚೋಖಾಮೇಳ, ಸೋಯರಾಬಾಯಿಯ ಬಣ್ಣದ ಹಾಡುಗಳು

ಬಣ್ಣದ ಹಾಡುಗಳ ಬಗ್ಗೆ ಒಂದು ಮಾತುಕತೆ ಮಾಡಿ ಅಂತ ಕೆಲವರು ಬಹಳ ದಿನದಿಂದ ಕೇಳ್ತಾ ಇದ್ರಿ. ಹೋಳಿ ಹಾಡುಗಳು, ಸಿನಿಮಾ ಹಾಡುಗಳು ಅಂತ ಪಟ್ಟಿ ಹಾಕ್ಕೊಂಡು ಕೂತರೆ ಅದು ಮುಗಿಯೋ ಕೆಲಸ ಅಲ್ಲ. ಅದಕ್ಕೇ ಇವತ್ತು ಒಂದೇ ಮನೆಯ ಮೂರು ಹಾಡು ಮಾತ್ರ ತಗೊಂಡಿದ್ದೀನಿ. ಗಂಡನದು ಎರಡು, ಹೆಂಡತಿಯದು ಒಂದು. ಮೂರೂ ಮರಾಠಿ ಅಭಂಗಗಳು. ಪುಣೆ, ಮುಂಬೈ, ಸೋಲಾಪುರದ ಕಡೆ ಇರೋರು ಇವನ್ನ ನೂರು ಸಲ ಕೇಳಿರ್ತೀರಿ. ನಾನೂ ಕೇಳಿದ್ದೆ. ಕೇಳಿದ್ದೆ ಅಷ್ಟೆ, ಅರ್ಥ ಮಾಡ್ಕೊಂಡಿರಲಿಲ್ಲ ಅನ್ನೋದು ಹೋದ ವರ್ಷ ಗೊತ್ತಾಯ್ತು.

ನಮ್ಮ ಸೊಸೈಟಿಯಲ್ಲಿ ಆಷಾಢಿ ಏಕಾದಶಿಗೆ ಮಕ್ಕಳ ಕಾರ್ಯಕ್ರಮ ಇರುತ್ತೆ. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹುವಿನಿಂದ ತುಕಾರಾಮರ ಪಾಲಖಿ ಪುಣೆ ದಾಟಿ ಹೋಗೋ ದಿನಗಳಲ್ಲಿ ಇಡೀ ಊರಿಗೆ ಒಂದು ಹುರುಪು ಬಂದಿರುತ್ತಲ್ಲ, ಅದರಲ್ಲೇ ಇದೂ ಒಂದು. ಹೋದ ಸಲ ಮಕ್ಕಳ ನೃತ್ಯಕ್ಕೆ ಆರಿಸಿದ್ದು ‘ಅಬೀರ ಗುಲಾಲ’. ಆರು ವರ್ಷದ ನನ್ನ ಮಗಳೂ ಅದರಲ್ಲಿದ್ದಳು. ಹಾಡು ಉದ್ದ ಆಯ್ತು, ಮೂರು ನಿಮಿಷಕ್ಕೆ ಇಳಿಸಿ ಕೊಡಿ ಅಂತ ಫೈಲು ನನ್ನ ಹತ್ತಿರ ಬಂತು. ಸೊಸೈಟಿಯಲ್ಲಿ ಸಾಫ್ಟ್‌ವೇರ್‌ನವರಿಗೆ ಇಂಥ ಕೆಲಸ ತಪ್ಪೋದಿಲ್ಲ, ನಿಮಗೂ ಗೊತ್ತು. ನಾನು ಎಂಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದವನು ಬೇರೆ. ತಾಳ ತಪ್ಪದ ಹಾಗೆ, ಸ್ವರ ಒಡೆಯದ ಹಾಗೆ ನಡುವಿನ ಒಂದು ಭಾಗ ಕತ್ತರಿಸಿ, ಎರಡು ತುದಿ ಜೋಡಿಸಿ ಕೊಟ್ಟೆ. ಎಲ್ಲಿ ಕತ್ತರಿಸಿದ್ದು ಅಂತ ಯಾರಿಗೂ ಗೊತ್ತಾಗಬಾರದು, ಅಷ್ಟು ಚೊಕ್ಕ ಕೆಲಸ. ನನಗೇ ಖುಷಿಯಾಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಪಕ್ಕದ ಮನೆಯ ಕಾಕೂ, ನಿವೃತ್ತ ಮರಾಠಿ ಟೀಚರ್, ನನ್ನ ಹತ್ತಿರ ಬಂದು ಕೇಳಿದರು: “ಅರೇ, ಉಂಬರಠಾ ಕುಠೇ ಗೇಲಾ?”

ಉಂಬರಠಾ ಅಂದ್ರೆ ಹೊಸ್ತಿಲು. ಹೊಸ್ತಿಲು ಎಲ್ಲಿ ಹೋಯ್ತು ಅಂತ ಕೇಳ್ತಾ ಇದಾರೆ. ನನಗೆ ಆ ಪದಾನೇ ಗೊತ್ತಿರಲಿಲ್ಲ. ಸ್ಟೇಜಿಗೆ ಹೊಸ್ತಿಲು ಇಡಬೇಕಿತ್ತಾ ಕಾಕೂ ಅಂತ ಕೇಳಿದೆ. ಅವರು ನಗಲಿಲ್ಲ.

ನಾನು ಕತ್ತರಿಸಿ ಬಿಸಾಕಿದ್ದ ಭಾಗದಲ್ಲಿ ಇದ್ದದ್ದು ಇದು. ಹಾಡ್ತಾ ಇರೋನು ಪಂಢರಪುರದ ಗುಡಿ ಮುಂದೆ ನಿಂತಿದ್ದಾನೆ. ಅಬೀರ, ಗುಲಾಲು ಎರಚಾಡ್ತಾ ಇದೆ, ಅವನ ಗೆಳೆಯ ಪಾಂಡುರಂಗ ಕುಣೀತಿದ್ದಾನೆ. ಆಮೇಲೆ ಕೇಳ್ತಾನೆ: ನಾವು ಜಾತಿ ಇಲ್ಲದವರು, ಈ ಹೊಸ್ತಿಲನ್ನ ಹೇಗೆ ಮುಟ್ಟೋದು? ಒಳಗಿರೋ ನಿನ್ನ ರೂಪ ಹೇಗೆ ನೋಡೋದು? ಅದಕ್ಕೆ ಉತ್ತರಾನೂ ಅವನೇ ಕೊಟ್ಕೋತಾನೆ. ಮೆಟ್ಟಿಲ ಬಳಿ ನಿಂತು ಹಾಡ್ತೀವಿ, ನದಿಯ ಮರಳ ಮೇಲೆ ಹಾಡ್ತೀವಿ, ಅಲ್ಲೇ ಕುಣೀತೀವಿ, ಚಂದ್ರಭಾಗೆಯಲ್ಲಿ ಮೈತುಂಬ ಮೀಯ್ತೀವಿ.

ಅಂದ್ರೆ ಆ ಹಾಡಿನಲ್ಲಿ ನಡೆಯೋದೆಲ್ಲ ಹೊರಗಡೆ. ಮೆಟ್ಟಿಲು, ಮರಳು, ಹೊಳೆ. ಹೊಸ್ತಿಲ ಚರಣ ತೆಗೆದುಬಿಟ್ರೆ ಉಳಿಯೋದು ಒಂದು ಹಬ್ಬದ ಹಾಡು, ಬಣ್ಣ ಎರಚಿ ಕುಣಿಯೋ ಹಾಡು. ಅದನ್ನೇ ನಾನು ಮಕ್ಕಳಿಗೆ ಮಾಡಿಕೊಟ್ಟಿದ್ದೆ.

ಹಾಡಿದವರು ಯಾರು ಅಂತ ಈಗ ನೋಡೋಣ. ಚೋಖಾಮೇಳ. ಜ್ಞಾನೇಶ್ವರ, ನಾಮದೇವರ ಕಾಲದವರು, ಹದಿಮೂರು-ಹದಿನಾಲ್ಕನೇ ಶತಮಾನ. ನಾಮದೇವರನ್ನ ಗುರು ಅಂತ ಒಪ್ಪಿಕೊಂಡವರು. ಮಹಾರ್ ಜಾತಿಯವರು, ಆ ಕಾಲದ ಕಟ್ಟಳೆಯಲ್ಲಿ ಅಸ್ಪೃಶ್ಯರು. ಇದ್ದದ್ದು ಮಂಗಳವೇಢೆಯಲ್ಲಿ, ಪಂಢರಪುರದಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ಈ ಊರಿನ ಹೆಸರು ನಮಗೆ ಹೊಸದಲ್ಲ. ಬಸವಣ್ಣನವರು ಕಲ್ಯಾಣಕ್ಕೆ ಹೋಗೋ ಮುಂಚೆ ಬಿಜ್ಜಳನ ಕೈಕೆಳಗೆ ಕರಣಿಕರಾಗಿ ಕೆಲಸ ಶುರುಮಾಡಿದ್ದು ಅಂತ ನಮ್ಮಲ್ಲಿ ಹೇಳೋ ಮಂಗಳವಾಡ ಇದೇ. ನೂರೈವತ್ತು ವರ್ಷದ ಅಂತರದಲ್ಲಿ ಒಂದೇ ಊರು ಇಬ್ಬರನ್ನ ನೋಡಿದೆ.

ಚೋಖಾ ಅನ್ನೋ ಹೆಸರೇ ನೋಡಿ. ಮರಾಠಿಯಲ್ಲಿ ಚೋಖ ಅಂದ್ರೆ ಅಪ್ಪಟ, ಶುದ್ಧ. ನಮ್ಮ ‘ಚೊಕ್ಕ ಚಿನ್ನ’ದ ಚೊಕ್ಕ ಕಿವಿಗೆ ಬೀಳುತ್ತೆ. ಊರು ಯಾರನ್ನ ಮೈಲಿಗೆ ಅಂತ ದೂರ ಇಟ್ಟಿತ್ತೋ ಅವರ ಹೆಸರು ಶುದ್ಧ ಅಂತ! ಅವರ ಹೆಸರಿನಲ್ಲಿ ಇವತ್ತು ಸುಮಾರು 350 ಅಭಂಗಗಳು ಸಿಗುತ್ತವೆ. ಅವರ ಹಾಡುಗಳನ್ನ ಬರೆದಿಟ್ಟದ್ದು ಅನಂತಭಟ್ಟ ಅನ್ನೋ ಒಬ್ಬ ಬ್ರಾಹ್ಮಣ ಅಂತ ಸಂಪ್ರದಾಯ ಹೇಳುತ್ತೆ. ‘ಅಬೀರ ಗುಲಾಲ’ದ ಮರಾಠಿ ಇವತ್ತಿನ ಕಿವಿಗೆ ಅಷ್ಟು ಸಲೀಸಾಗಿ ಕೇಳುತ್ತಲ್ಲ, ಏಳುನೂರು ವರ್ಷ ಬಾಯಿಂದ ಬಾಯಿಗೆ ಬರ್ತಾ ಮಾತು ಸವೆದು ನುಣುಪಾಗಿದೆ ಅಂತ ನನಗನ್ಸುತ್ತೆ. ನಾವೆಲ್ಲ ಹೆಚ್ಚಾಗಿ ಕೇಳೋದು ಪಂಡಿತ್ ಜಿತೇಂದ್ರ ಅಭಿಷೇಕಿಯವರ ದನಿಯಲ್ಲಿ.

ಈಗ ಬಣ್ಣಕ್ಕೆ ಬರ್ತೀನಿ. ಅಬೀರ ಅಂದ ತಕ್ಷಣ ದೆಹಲಿ ಕಡೆಯವರಿಗೆ ಹೋಳಿಯ ಬಣ್ಣ ನೆನಪಾಗುತ್ತೆ. ವಿಠ್ಠಲನ ಭಕ್ತರಲ್ಲಿ ಅಬೀರ-ಬುಕ್ಕಾ ಅಂದ್ರೆ ಬೇರೆ. ಅದು ಕಪ್ಪು ಪುಡಿ, ಘಮ್ ಅನ್ನುತ್ತೆ. ವಾರಕರಿಗಳ ಹಣೆ ಮೇಲೆ ಗೋಪಿಚಂದನದ ನಡುವೆ ಕಪ್ಪು ಬೊಟ್ಟು ಇರುತ್ತಲ್ಲ, ಅದೇ. ನಾನು ಹಾಸನದ ಕಡೆಯವನು, ನನಗೆ ಇದು ಹೊಸದು. ನಮ್ಮತ್ತೆ ಬಿಜಾಪುರದವರು, ಅವರು ಕೇಳಿದ ಕೂಡಲೇ “ಅಯ್ಯ, ಬುಕ್ಕಿಟ್ಟು ಅನ್ರೀ” ಅಂದ್ರು. ಗುಲಾಲು ಗೊತ್ತೇ ಇದೆ, ಗುಲಾಬಿ-ಕೆಂಪು. ಅಲ್ಲಿಗೆ ಹಾಡಿನ ಮೊದಲ ಎರಡು ಪದದಲ್ಲೇ ಕಪ್ಪೂ ಕೆಂಪೂ ಒಟ್ಟಿಗೆ ಗಾಳಿಗೆ ಹಾರಿವೆ.

ಇಲ್ಲಿ ನನಗೆ ಹೊಳೆದದ್ದು ಇದು. ಮನುಷ್ಯನನ್ನ ಹೊಸ್ತಿಲಲ್ಲಿ ತಡೆಯಬಹುದು. ಪುಡಿಯನ್ನ ತಡೆಯೋದು ಹೇಗೆ? ಹೊರಗೆ ನಿಂತವನು ಎರಚಿದ ಗುಲಾಲು ಗಾಳಿ ಬಂದ ಕಡೆ ಹೋಗುತ್ತೆ. ಒಳಗಿರೋರ ಮೇಲೂ ಕೂರುತ್ತೆ, ಪೂಜಾರಿಯ ಪಂಚೆ ಮೇಲೂ ಕೂರುತ್ತೆ. ಚೋಖಾಮೇಳ ಈ ಮಾತನ್ನ ಬಾಯಿಬಿಟ್ಟು ಹೇಳಿಲ್ಲ, ಇದು ನನ್ನ ಓದು. ಆದರೆ ಬಣ್ಣ ಎರಚೋದರಿಂದಲೇ ಶುರುವಾಗಿ, ಹೊಸ್ತಿಲ ಮುಂದೆ ಬಂದು ನಿಲ್ಲೋ ಹಾಡಿಗೆ ಬಣ್ಣ ಬರೀ ಅಲಂಕಾರ ಅಂತ ನನಗೆ ಈಗ ಅನ್ನಿಸೋದಿಲ್ಲ. ಒಳಗೆ ಹೋಗೋಕೆ ಆಗದವನ ಹತ್ತಿರ ಒಳಗೆ ಹೋಗಬಲ್ಲ ವಸ್ತು ಎರಡೇ ಇದ್ದವು. ಒಂದು ಪುಡಿ, ಇನ್ನೊಂದು ದನಿ.

ಎರಡನೇ ಹಾಡು ‘ಊಸ ಡೊಂಗಾ’. ಇದೂ ಚೋಖಾಮೇಳರದೇ. ಮರಾಠಿ ಶಾಲೆಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸೋ ಅಭಂಗ. ಊಸ ಅಂದ್ರೆ ಕಬ್ಬು. ಡೊಂಗಾ ಅಂದ್ರೆ ಏನು ಅಂತ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ, ನಮ್ಮ ಡೊಂಕು ಕಿವಿಯಲ್ಲೇ ಇದೆ. ಕಬ್ಬು ಡೊಂಕಾಗಿರಬಹುದು, ಅದರ ರಸ ಡೊಂಕಲ್ಲ. ಬಿಲ್ಲು ಡೊಂಕು, ಬಾಣ ಡೊಂಕಲ್ಲ. ನದಿ ಡೊಂಕು, ನೀರು ಡೊಂಕಲ್ಲ. ಹಾಗೇ ಚೋಖಾ ಡೊಂಕಿರಬಹುದು, ಅವನ ಭಾವ ಡೊಂಕಲ್ಲ. ಪ್ರತಿ ಸಲ ಉದಾಹರಣೆ ಕೊಟ್ಟ ಮೇಲೆ ಒಂದೇ ಪ್ರಶ್ನೆ ಮರಳಿ ಮರಳಿ ಬರುತ್ತೆ. ಮೇಲಿನ ಬಣ್ಣಕ್ಕೆ ಯಾಕಪ್ಪಾ ಮರುಳಾಗ್ತೀಯ?

ನೋಡಿ, ಇದೇ ‘ರಂಗ’ ಅನ್ನೋ ಪದ. ಮೊದಲ ಹಾಡಿನಲ್ಲಿ ಎರಚಿ ಸಂಭ್ರಮಿಸಿದ ಬಣ್ಣ, ಇಲ್ಲಿ ಮೋಸ ಮಾಡೋ ಬಣ್ಣ. ಹೊರಗಿನ ತೊಗಟೆ. ಮೈಬಣ್ಣ ಅಂತಲೇ ಇಟ್ಕೊಳ್ಳಿ, ಜಾತಿ ಅಂತ ಇಟ್ಕೊಳ್ಳಿ, ವೇಷ ಅಂತ ಇಟ್ಕೊಳ್ಳಿ. ಇದನ್ನ ಯಾರಿಗೆ ಕೇಳ್ತಾ ಇರೋದು ಅನ್ನೋದೂ ಗಮನಿಸಬೇಕು. ದೇವರಿಗಲ್ಲ. ನೋಡ್ತಾ ನಿಂತಿರೋ ನಮಗೆ. ಆದರೆ ಶಾಲೆಯಲ್ಲಿ ಇದನ್ನ ‘ರೂಪಕ್ಕಿಂತ ಗುಣ ಮುಖ್ಯ’ ಅನ್ನೋ ನೀತಿಪಾಠ ಮಾಡಿ ಮುಗಿಸಿಬಿಡ್ತಾರೆ. ಕಾಕೂ ಕೂಡ ಹಾಗೇ ಮೂವತ್ತು ವರ್ಷ ಪಾಠ ಮಾಡಿದೆ ಅಂತ ಒಪ್ಪಿಕೊಂಡರು. ಯಾರು ಯಾರಿಗೆ ಹೇಳಿದ್ದು ಅನ್ನೋದು ಬಿಟ್ಟುಹೋದರೆ ಯಾವ ಹಾಡನ್ನಾದ್ರೂ ನೀತಿಪಾಠ ಮಾಡಬಹುದು.

ಮೂರನೇ ಹಾಡಿಗೆ ಹೋಗೋ ಮುಂಚೆ ‘ರಂಗ’ದ ಬಗ್ಗೆ ಇನ್ನೊಂದೆರಡು ಮಾತು ಬೇಕು, ಯಾಕಂದ್ರೆ ಆ ಹಾಡು ಪೂರ್ತಿ ನಿಂತಿರೋದು ಈ ಪದದ ಮೇಲೆ. ರಂಗ ಅಂದ್ರೆ ಬಣ್ಣ. ರಂಗ ಅಂದ್ರೆ ದೇವರು ಕೂಡ. ಶ್ರೀರಂಗ, ಪಾಂಡುರಂಗ, ನಮ್ಮ ದಾಸರು ಕರೆಯೋ ರಂಗ. ಪಾಂಡು ಅಂದ್ರೆ ಬಿಳುಪು. ಅಂದ್ರೆ ಪಾಂಡುರಂಗ ಅಂದ್ರೆ ಬಿಳಿ ಬಣ್ಣದವನು. ಪಂಢರಪುರಕ್ಕೆ ಹೋಗಿ ಬಂದವರು ಹೇಳಿ, ಸೊಂಟದ ಮೇಲೆ ಕೈ ಇಟ್ಟು ಇಟ್ಟಿಗೆ ಮೇಲೆ ನಿಂತಿರೋ ಆ ಮೂರ್ತಿ ಯಾವ ಬಣ್ಣ? ಕಪ್ಪು. ಮರಾಠಿ ಸಂತರು ಅವನನ್ನ ಬಾಯ್ತುಂಬ ಸಾವಳಾ ಅಂತ ಕರೆದಿದ್ದಾರೆ, ಶ್ಯಾಮಲ ಅಂತ. ಕಪ್ಪು ದೇವರಿಗೆ ಬಿಳಿಯ ಅನ್ನೋ ಹೆಸರು ಹೇಗೆ ಬಂತು?

ವಿದ್ವಾಂಸರು ಇದಕ್ಕೆ ತಲೆ ಕೆಡಿಸ್ಕೊಂಡಿದ್ದಾರೆ. ಪುಣೆಯವರೇ ಆದ ರಾ. ಗೋ. ಭಾಂಡಾರಕರ್ ಅವರ ಊಹೆ ಏನಂದ್ರೆ, ಪಾಂಡುರಂಗ ಅನ್ನೋದು ಮೊದಲು ಆ ಊರಿನ ಶಿವನ ಹೆಸರು. ವಿಠ್ಠಲ ದೊಡ್ಡವನಾದಂತೆ ಹೆಸರು ಅವನಿಗೆ ಬಂತು. ಶಿವ ಬಿಳಿ, ಹಾಗಾಗಿ ಲೆಕ್ಕ ಸರಿಹೋಗುತ್ತೆ. ಇನ್ನೊಂದು ವಾದದ ಪ್ರಕಾರ ಇದಕ್ಕೂ ಬಣ್ಣಕ್ಕೂ ಸಂಬಂಧಾನೇ ಇಲ್ಲ. ಊರಿನ ಹಳೇ ಹೆಸರು ಪಂಡರಗೆ, ಅದನ್ನೇ ಸಂಸ್ಕೃತ ಮಾಡೋಕೆ ಹೋಗಿ ಪಾಂಡುರಂಗ ಆಯ್ತು. ನನಗೆ ಎರಡನೆಯದು ಹೆಚ್ಚು ಹಿಡಿಸುತ್ತೆ. ಪಂಡರಗೆ ಅಂತ ಬಾಯಲ್ಲಿ ಹೇಳಿ ನೋಡಿ, ಕನ್ನಡದ ಊರಿನ ಹೆಸರಿನ ಹಾಗೆ ಇಲ್ವಾ? ಅಲ್ಲಿನ ಗುಡಿಗೆ 1237ರಲ್ಲಿ ದತ್ತಿ ಕೊಟ್ಟ ಶಾಸನ ಇರೋದು ಹೊಯ್ಸಳ ಸೋಮೇಶ್ವರನದು. ಜ್ಞಾನೇಶ್ವರರ ಹೆಸರಿನ ಒಂದು ಅಭಂಗವಂತೂ ವಿಠ್ಠಲನನ್ನ ಕಾನಡಾ, ಕರ್ನಾಟಕದವನು ಅಂತಲೇ ಕರೆಯುತ್ತೆ. ಕಾನಡಾ ಅಂದ್ರೆ ಅರ್ಥವಾಗದವನು ಅಂತಲೂ ಹೇಳ್ತಾರೆ. ಪುಣೆಯಲ್ಲಿ ರಿಕ್ಷಾದವರ ಜೊತೆ ನನ್ನ ಮರಾಠಿ ಮಾತು ಕೇಳಿದವರು ಎರಡೂ ಅರ್ಥ ಒಂದೇ ಅಂದಾರು.

ಈಗ ಸೋಯರಾಬಾಯಿ. ಚೋಖಾಮೇಳರ ಹೆಂಡತಿ. ಆ ಮನೆಯಲ್ಲಿ ಎಲ್ಲರೂ ಹಾಡು ಕಟ್ಟಿದವರು: ತಂಗಿ ನಿರ್ಮಳಾ, ಅವಳ ಗಂಡ ಬಂಕಾ, ಮಗ ಕರ್ಮಮೇಳ. ಸೋಯರಾಬಾಯಿಯದು ಅಂತ ಇವತ್ತು ಉಳಿದಿರೋದು ಅರವತ್ತರ ಆಸುಪಾಸು ಅಭಂಗಗಳು ಅಷ್ಟೆ. ಅದರಲ್ಲಿ ಒಂದರ ತರ್ಕ ನನ್ನಂಥ ಎಂಜಿನಿಯರನ್ನ ಸುಮ್ಮನೆ ಕೂರಿಸಿಬಿಡುತ್ತೆ. ದೇಹ ಮೈಲಿಗೆ ಅಂತ ಎಲ್ಲರೂ ಹೇಳ್ತೀರಿ, ಸರಿ. ಮೈಲಿಗೆ ಹುಟ್ಟೋದೇ ದೇಹದಲ್ಲಿ. ಮೈಲಿಗೆ ಇಲ್ಲದೆ ಹುಟ್ಟಿದ ದೇಹ ಯಾವುದಾದ್ರೂ ಇದ್ರೆ ತೋರಿಸಿ. ಅಷ್ಟೇ. ಹೆರಿಗೆ ಕಂಡ ಹೆಂಗಸು ಹೇಳೋ ಮಾತು ಅದು. ಶಾಸ್ತ್ರ ಓದಿದವರು ಉತ್ತರ ಹುಡುಕಬೇಕು.

ಅದೇ ಸೋಯರಾಬಾಯಿಯ ‘ಅವಘಾ ರಂಗ ಏಕ ಝಾಲಾ’ ಅನ್ನೋದು ನಮ್ಮ ಮೂರನೇ ಹಾಡು. ಎಲ್ಲ ಬಣ್ಣವೂ ಒಂದಾಯ್ತು ಅಂತ ಅರ್ಥ. ಕಿಶೋರಿ ಆಮೋಣಕರ್ ಅವರು ಹಾಡಿದ್ದು ಕೇಳಿಲ್ಲ ಅಂದ್ರೆ ಇವತ್ತೇ ಕೇಳಿ, ಭೈರವಿಯಲ್ಲಿದೆ. ಹಾಡಿನಲ್ಲಿ ಬಣ್ಣ ಎರಚೋ ದೃಶ್ಯ ಇಲ್ಲ. ಬಟ್ಟೆಗೆ ಬಣ್ಣ ಹಾಕ್ತೀವಲ್ಲ, ಅದ್ದಿ ತೆಗೆಯೋದು, ಆ ಅರ್ಥದಲ್ಲಿ ರಂಗು. ಭಕ್ತರ ಬಣ್ಣದಲ್ಲಿ ಶ್ರೀರಂಗನೇ ಅದ್ದಿ ತೆಗೆದ ಹಾಗಾಗಿದ್ದಾನೆ. ಪಂಢರಿಯ ರಾಯನನ್ನ ನೋಡ್ತಾ ನೋಡ್ತಾ ನಾನು ನೀನು ಅನ್ನೋದು ಹೋಯ್ತು. ಭೇದಕ್ಕೆ ಇಲ್ಲಿ ಕೆಲಸ ಇಲ್ಲ. ಕೊನೆಗೆ ನೋಡೋನು, ನೋಡೋದು ಎರಡೂ ದೂರ ಹೋದವು.

ಕಂಪ್ಯೂಟರ್ ಪರದೆ ಮೇಲೆ ಕೆಂಪು, ಹಸಿರು, ನೀಲಿ ಮೂರನ್ನೂ 255ಕ್ಕೆ ಏರಿಸಿದ್ರೆ ಸಿಗೋದು ಬಿಳಿ. ಬೆಳಕು ಬೆರೆತ್ರೆ ಹಾಗೆ. ಅದೇ ಬಣ್ಣದ ಪುಡಿಗಳನ್ನ ಒಂದು ತಟ್ಟೆಯಲ್ಲಿ ಬೆರೆಸಿ ನೋಡಿ, ಕಪ್ಪು ಕಡೆಗೆ ಹೋಗುತ್ತೆ. ಯಾಕಂದ್ರೆ ಪ್ರತಿ ಪುಡಿಯೂ ಬೆಳಕಿನ ಒಂದೊಂದು ಪಾಲು ನುಂಗುತ್ತೆ. ಎಲ್ಲ ಬಣ್ಣ ಒಂದಾದ್ರೆ ಯಾವ ಬಣ್ಣ ಅಂತ ಕೇಳಿದ್ರೆ ಎರಡೂ ಉತ್ತರ ಸರಿ: ಬೆಳಕಾದ್ರೆ ಬಿಳಿಯ ಪಾಂಡುರಂಗ, ಪುಡಿಯಾದ್ರೆ ಸಾವಳಾ ವಿಠ್ಠಲ. ಸೋಯರಾಬಾಯಿ ಇದನ್ನ ಯೋಚಿಸಿ ಬರೆದರು ಅಂತ ನಾನು ಹೇಳ್ತಾ ಇಲ್ಲ, ವಾಟ್ಸಾಪಿನಲ್ಲಿ ‘ನಮ್ಮ ಸಂತರಿಗೆ ಆಗಲೇ ಗೊತ್ತಿತ್ತು’ ಅಂತ ದಯವಿಟ್ಟು ಹಾಕಬೇಡಿ. ನನಗೆ ಆಟ ಆಡೋಕೆ ಚೆನ್ನಾಗಿತ್ತು, ಅಷ್ಟೆ.

ಈ ಹಾಡನ್ನ ಸಾಮಾನ್ಯವಾಗಿ ಅದ್ವೈತದ ಹಾಡು ಅಂತ ಹೇಳ್ತಾರೆ. ಇರಬಹುದು. ಆದರೆ ಭೇದಕ್ಕೆ ಇಲ್ಲಿ ಕೆಲಸ ಇಲ್ಲ ಅನ್ನೋ ಮಾತನ್ನ ಮಠದಲ್ಲಿ ಕೂತವರು ಹೇಳೋದು ಬೇರೆ, ದಿನಾ ಭೇದ ತಿಂದು ಬದುಕಿದವಳು ಹೇಳೋದು ಬೇರೆ. ಆಕೆ ‘ನೋಡ್ತಾ ನೋಡ್ತಾ’ ಅಂತಾಳೆ. ಎಲ್ಲಿಂದ ನೋಡಿದಳು? ಒಳಗೆ ಬಿಡ್ತಿರಲಿಲ್ಲ. ಉಡುಪಿಯ ಕನಕನ ಕಿಂಡಿ ನೆನಪಾಗುತ್ತೆ, ಅಲ್ಲಿ ಕೊನೆಗೆ ದೇವರೇ ತಿರುಗಿದ ಅಂತ ಕತೆಯಾದ್ರೂ ಇದೆ. ಹಾಡಿನ ಕೊನೆಯಲ್ಲಿ ಹೇಳಿದವರ ಅಂಕಿತ ಬರುತ್ತೆ. ‘ಚೋಖ್ಯಾಚಿ ಮಹಾರಿ’. ಚೋಖನ ಮಹಾರಿ, ಅಂದ್ರೆ ಚೋಖನ ಹೆಂಡತಿಯಾದ ಮಹಾರ್ ಹೆಂಗಸು. ಎಲ್ಲ ಬಣ್ಣ ಒಂದಾಯ್ತು ಅಂತ ಹೇಳಿ ಮುಗಿಸೋ ಹಾಡಿನ ಕೆಳಗೆ ಜಾತಿಯ ಹೆಸರಿನ ಸಹಿ. ಇದು ವಿನಯವೋ, ಚುಚ್ಚುಮಾತೋ ಅಂತ ನಾನು ಕಾಕೂ ಜೊತೆ ಎರಡು ಸಲ ಜಗಳ ಆಡಿದ್ದೀನಿ. ಕಾಕೂ ವಿನಯ ಅಂತಾರೆ. ನನಗಂತೂ ನಂಬಿಕೆ ಬರೋದಿಲ್ಲ.

ಚೋಖಾಮೇಳರ ಕೊನೆ ಹೀಗಾಯ್ತು ಅಂತಾರೆ. 1338ರಲ್ಲಿ ಮಂಗಳವೇಢೆಯಲ್ಲಿ ಕೋಟೆಗೋಡೆಯ ಕೆಲಸಕ್ಕೆ ಹಿಡಿದಿದ್ದ ಕೂಲಿಗಳ ಮೇಲೆ ಗೋಡೆ ಕುಸಿದುಬಿತ್ತು. ಸತ್ತವರಲ್ಲಿ ಅವರೂ ಒಬ್ಬರು. ನಾಮದೇವರು ಹೋಗಿ ಮೂಳೆಗಳಿಗೆ ಕಿವಿಗೊಟ್ಟು, ವಿಠ್ಠಲನ ಹೆಸರು ಕೇಳಿಸಿದ ಮೂಳೆ ಚೋಖನದು ಅಂತ ಗುರುತಿಸಿ ಪಂಢರಪುರಕ್ಕೆ ತಂದರಂತೆ. ಸಮಾಧಿ ಮಾಡಿದ್ದು ಮಹಾದ್ವಾರದ ಎದುರು, ಮೆಟ್ಟಿಲ ಹತ್ತಿರ. ಹೊರಗಡೆಯೇ. ಹಾಡಿನಲ್ಲಿ ತಾವು ನಿಲ್ತೀವಿ ಅಂದ ಜಾಗದಲ್ಲೇ.

ಆ ಹೊಸ್ತಿಲು ದಲಿತರಿಗೆ ತೆರೆದದ್ದು 1947ರಲ್ಲಿ, ಸಾನೇ ಗುರೂಜಿ ಮೇ ತಿಂಗಳಲ್ಲಿ ಪಂಢರಪುರದಲ್ಲಿ ಉಪವಾಸ ಕೂತ ಮೇಲೆ. ಲೆಕ್ಕ ಹಾಕಿ, ಚೋಖಾಮೇಳರು ಸತ್ತು ಆರುನೂರು ವರ್ಷ ದಾಟಿತ್ತು. ಅಷ್ಟೂ ಕಾಲ ಅವರ ಅಭಂಗಗಳು ಗುಡಿ ಒಳಗೆ ಹಾಡಿಸ್ಕೊಳ್ತಾನೇ ಇದ್ದವು. ಹಾಡು ಬೇಕಿತ್ತು, ಹಾಡಿದವರ ಮಕ್ಕಳು ಬೇಡವಾಗಿತ್ತು. ಅಂಬೇಡ್ಕರರು 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕವನ್ನ ನಂದನಾರ್, ರವಿದಾಸ, ಚೋಖಾಮೇಳ ಈ ಮೂವರ ನೆನಪಿಗೆ ಅರ್ಪಿಸಿದ್ದಾರೆ. ಆದರೆ ಇವತ್ತು ಎಷ್ಟೋ ದಲಿತ ಓದುಗರಿಗೆ ಚೋಖಾಮೇಳರು ಅಷ್ಟಾಗಿ ಒಪ್ಪಿಗೆಯಾಗೋದಿಲ್ಲ. ಹೊಸ್ತಿಲ ಹೊರಗೇ ಹಾಡ್ತೀವಿ ಅಂತ ಒಪ್ಪಿಕೊಂಡದ್ದು ಯಾಕೆ ಅಂತ ಕೇಳ್ತಾರೆ. ಕೇಳೋದು ನ್ಯಾಯವೇ. ನಾನು ಅದಕ್ಕೆ ಉತ್ತರ ಕೊಡೋ ಜಾಗದಲ್ಲಿಲ್ಲ. ನನ್ನ ಕಷ್ಟ ಇನ್ನೂ ಸಣ್ಣದು: ಅವರು ಕೇಳಿದ ಪ್ರಶ್ನೆಯನ್ನೇ ಉಳಿಸಿಕೊಳ್ಳದೆ, ಬಣ್ಣ ಮಾತ್ರ ಇಟ್ಕೊಂಡೆ.

ಕಾರ್ಯಕ್ರಮದ ಮಾರನೇ ದಿನ ಬೆಳಗ್ಗೆ ಇನ್ನೊಂದು ನೋಡಿದೆ. ಕ್ಲಬ್‌ಹೌಸಿನ ನೆಲವೆಲ್ಲ ಗುಲಾಲು. ಗುಡಿಸೋಕೆ ಬಂದ ಮಾವಶಿ ಸೀರೆಗೆ, ಕೈಗೆ, ಕೂದಲಿಗೆಲ್ಲ ಹತ್ತಿಕೊಂಡಿತ್ತು. ಕಸ ತುಂಬ್ಕೊಂಡು ಅವರು ಸರ್ವಿಸ್ ಲಿಫ್ಟಿನ ಕಡೆ ಹೋದರು. ನಮ್ಮಲ್ಲಿ ಎರಡು ಲಿಫ್ಟ್ ಇವೆ. ನಿಮ್ಮ ಸೊಸೈಟಿಯಲ್ಲೂ ಇರಬಹುದು. ಸ್ವಲ್ಪ ಹೊತ್ತಾದ ಮೇಲೆ ನಾನು ಇನ್ನೊಂದು ಲಿಫ್ಟಿನಲ್ಲಿ ಮಗಳನ್ನ ಕರ್ಕೊಂಡು ಮೇಲೆ ಹೋದೆ. ಅದರ ಗುಂಡಿ ಮೇಲೂ ಗುಲಾಬಿ ಬಣ್ಣದ ಬೆರಳಚ್ಚು ಇತ್ತು. ಯಾರದೋ ಗೊತ್ತಿಲ್ಲ.

ಈ ವರ್ಷವೂ ಅದೇ ಹಾಡು ಇಟ್ಟಿದ್ದಾರೆ, ಫೈಲು ಮತ್ತೆ ನನ್ನ ಹತ್ತಿರವೇ ಬಂತು. ಹೊಸ್ತಿಲು ವಾಪಸ್ ಹಾಕಿದ್ದೀನಿ. ಈಗ ನಾಲ್ಕು ನಿಮಿಷ ಹತ್ತು ಸೆಕೆಂಡ್. ಉದ್ದ ಆಯ್ತು ಅಂತ ಗ್ರೂಪಿನಲ್ಲಿ ಇಬ್ಬರು ಆಗಲೇ ಹಾಕಿದ್ದಾರೆ. ಆ ಚರಣಕ್ಕೆ ಮಕ್ಕಳು ಏನು ಮಾಡಬೇಕು, ಹೆಜ್ಜೆ ಯಾವುದು ಅಂತಲೂ ಕೇಳಿದ್ರು. ನನಗೆ ಹೆಜ್ಜೆ ಗೊತ್ತಿಲ್ಲ. ಮಗಳನ್ನೇ ಕೇಳಿದೆ. “ಅಪ್ಪ, ಅಲ್ಲಿ ಕುಣಿಯೋದು ಬೇಡ, ಸುಮ್ನೆ ನಿಂತ್ಕೋತೀವಿ” ಅಂದಳು. ಕಾಕೂಗೆ ಹೇಳಿದ್ದೀನಿ, ನೋಡೋಣ.